ಸಂಪುಟ

ಗದಗಿನ ಪ್ರೆಸ್ಸಿನಲ್ಲಿ ಹದಿನೇಳು ವರ್ಷ
ಪಂಚಾಂಗ, ಬಿಲ್ಲು ಪುಸ್ತಕ, ಸೊಸೈಟಿಯ ಲೆಡ್ಜರು ಹೊಲಿದವನು
ಈಗ ರಾಸ್ ಅಲ್ ಖೈಮಾದ ಹಳೆ ಕಾಗದದ ಕೋಣೆಯಲ್ಲಿ
ಹದಿನೆಂಟು ಡಿಗ್ರಿಗೆ ಸ್ವೆಟರು ತೊಟ್ಟು ಕೂತಿದ್ದೇನೆ.
ಹೊರಗೆ ನಲವತ್ತಾರು.

ಮೇಜಿನ ಮೇಲೆ ಬೆನ್ನು ಮುರಿದ ಒಂದು ಸಂಪುಟ.
ಅದರೊಳಗೆ ಇನ್ನೊಂದು ಸಂಪುಟ:
ಲಂಡನ್ನಿನ ಮಂತ್ರಿಗಳು, ಹನ್ನೆರಡೋ ಹದಿಮೂರೋ ಮಂದಿ,
ಎಣಿಸಿದಾಗಲೆಲ್ಲ ಒಬ್ಬ ಹೆಚ್ಚುಕಡಿಮೆ.
ಎರಡಕ್ಕೂ ಒಂದೇ ಶಬ್ದ ಸಾಕೆಂದವರು ಯಾರೋ,
ಬಿಗಿಯಾಗಿ ಹೊಲಿದರೆ ಪುಸ್ತಕ, ಸಡಿಲ ಬಿಟ್ಟರೆ ಸರಕಾರ
ಎಂದು ಒಬ್ಬನೇ ನಗುತ್ತೇನೆ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ.
ಪಕ್ಕದ ಮೇಜಿನ ಶೈಮಾ ಮೇಡಂ ಓದಿ ಹೇಳುತ್ತಾರೆ.
ಆ ದಿನ ಮೊದಲು ಗೋಧಿಯ ದರ,
ಆಮೇಲೆ ಅರಸನ ಆರೋಗ್ಯ, ಗಿರಣಿ ಊರಿನ ಗಲಾಟೆ,
ಯಾವನೋ ಒಬ್ಬನ ಪಿಂಚಣಿ.
ಒಂಬತ್ತನೆಯದು ಈ ಊರು.
ಮೂರು ಕಡೆ ಬರೆದಿದ್ದಾರೆ ಹೆಸರು, ಮೂರು ತರಹ.
ಒಬ್ಬನಿಗೆ ಕಾಲು ಬಾತಿತ್ತು, ಒಬ್ಬನಿಗೆ ಊಟದ ಹೊತ್ತು,
ಇನ್ನೊಬ್ಬ ನಕ್ಷೆಯ ಮೇಲೆ ಗ್ಲಾಸಿಟ್ಟ.
ಇಷ್ಟೂ ನನ್ನ ಊಹೆ;
ಹಾಳೆಯ ಮೇಲಿನ ಕೆಂಪು ಉಂಗುರವೊಂದೇ ನಿಜ.

ಮುಂಬಯಿಗೆ ಉತ್ತರ ಬರೆದರು:
ತಾಳ್ಮೆ ಇರಲಿ. ಖರ್ಚಿನ ಮೇಲೆ ಕಣ್ಣಿರಲಿ.
ಆ ತಾಳ್ಮೆ ಹಡಗು ಹತ್ತಿ
ಆಫ್ರಿಕಾದ ತುದಿ ಸುತ್ತಿ
ಐದು ತಿಂಗಳು ಮೂಟೆಗಳ ನಡುವೆ ತೂಕಡಿಸಿತು.
ಬಂದು ಇಳಿಯುವಷ್ಟರಲ್ಲಿ
ಕೋಟೆಯ ಗೋಡೆ ಕೂತು, ದೋಣಿಗಳು ಉರಿದು,
ಬೂದಿ ತಣ್ಣಗಾಗಿ
ನಾಯಿಗಳು ಅದರ ಮೇಲೆ ಮಲಗತೊಡಗಿದ್ದವು.

ಮುಂದಿನ ಕಾಗದ:
ಆದದ್ದಕ್ಕೆಲ್ಲ ಸಂಪುಟದ ಸಮ್ಮತಿ ಇದೆ.
ದುಂಡನೆ ಅಕ್ಷರ, ಒಂದು ಚಿತ್ತಿಲ್ಲ.
ನಮ್ಮ ಪ್ರೆಸ್ಸಿನಲ್ಲೂ ನಿಂಗೋಜಿ ಮಾಸ್ತರು ಅಂತ ಇದ್ದರು,
ಅಚ್ಚಾಗಿ ಕಟ್ಟು ಹಾಕಿದ ಮೇಲೆ
ಪ್ರೂಫು ತಿದ್ದಿ ತರುತ್ತಿದ್ದರು, ಬಹಳ ಶ್ರದ್ಧೆಯಿಂದ.

ಹುಳುವೊಂದು ಈ ಪುಸ್ತಕ ತಿಂದಿದೆ.
ಸಾಸಿವೆಕಾಳಿನಷ್ಟು ತೂತು
ಸಮ್ಮತಿಯ ಹಾಳೆಯಲ್ಲಿ ಹೊಕ್ಕು
ಸಹಿ ದಾಟಿ, ಮದ್ದಿನ ಲೆಕ್ಕ ದಾಟಿ, ಒಂದು ಖಾಲಿ ಹಾಳೆ ದಾಟಿ
ಸುಟ್ಟ ದೋಣಿಗಳ ಪಟ್ಟಿಯಲ್ಲಿ ಹೊರಬಿದ್ದಿದೆ.
ಆ ಮೇಜಿನಿಂದ ಈ ದಂಡೆಗೆ
ನೇರವಾಗಿ ಬಂದದ್ದು ಅದೊಂದೇ.

ಪಟ್ಟಿ ಓದುವಾಗ ಬಾಗಿಲಲ್ಲಿ ಖಲ್ಫಾನ್ ನಿಂತಿದ್ದ.
ಕೋಣೆಯೊಳಗೆ ನೀರು ತರಕೂಡದು,
ಹೊಸ್ತಿಲಾಚೆಯೇ ಗಹ್ವಾದ ಹೂಜಿ ಹಿಡಿದು ನಿಲ್ಲುವ ಕಾವಲುಗಾರ.
ಮೇಡಂ ಗುಮಾಸ್ತನ ಕಾಗುಣಿತ ಓದಿದರು: ‘ಸುಮ್ಮರ್.’
‘ಸಮ್ಹಾ’ ಅಂದ ಮುದುಕ.
‘ಡೌಲಟ್.’
‘ದೌಲಾ.’
‘ಮಸೂಡ್.’
‘ಮಸ್ಊದಾ. ದೋಣಿ ಹೆಣ್ಣು.’
ಹೀಗೆ ಹದಿಮೂರು,
ಇನ್ನೂರು ವರ್ಷ ತಡವಾದ ಪ್ರೂಫು.
ಹದಿನಾಲ್ಕನೆಯ ಹೆಸರಿದ್ದಲ್ಲಿ ತೂತು.

‘ಮರ ನಿಮ್ಮ ಕಡೆಯದೇ, ಹೊನ್ನಾವರದ್ದು’ ಅಂದ,
ನಾನೇ ಕಡಿದು ಕಳಿಸಿದ ಹಾಗೆ.
ಗದಗಿನವನಪ್ಪ ನಾನು,
ಮೂವತ್ತು ತುಂಬುವ ತನಕ ಸಮುದ್ರ ಕಂಡವನಲ್ಲ.

ಅವನ ಅಜ್ಜನ ಅಜ್ಜ ಮುತ್ತಿಗೆ ಮುಳುಗುತ್ತಿದ್ದನಂತೆ.
ಎರಡು ಅಂಗೈ ಜೋಡಿಸಿ ಚಿಪ್ಪು ಮಾಡಿ ತೋರಿಸಿದ,
ನಮ್ಮಲ್ಲಿ ಅದಕ್ಕೂ ಸಂಪುಟವೆನ್ನುತ್ತಾರೆ, ನಾನು ಹೇಳಲಿಲ್ಲ.
ಕತ್ತಿ ಇಡಬೇಕಾದ್ದು ಇಲ್ಲಿ, ಬೆನ್ನಿನ ಹತ್ತಿರ;
ನೂರರಲ್ಲಿ ತೊಂಬತ್ತೊಂಬತ್ತು ಬರೀ ಮಾಂಸ.
ತೆರೆದದ್ದನ್ನು ಮತ್ತೆ ಮುಚ್ಚಲಿಕ್ಕಾಗುವುದಿಲ್ಲ, ಸಾಯುತ್ತದೆ.

ತೂತಿಗೆ ಕಾಗದದ ಹಿಟ್ಟು ತುಂಬುವುದು ನಿಯಮ,
ಬೆರಳಿಗೂ ತಿಳಿಯದಂತೆ.
ಸಮ್ಮತಿಯಿಂದ ಹಿಡಿದು ಅಷ್ಟೂ ತುಂಬಿದೆ.
ಪಟ್ಟಿಯ ಹಾಳೆಗೆ ಬರುವಾಗ ಐದೂವರೆ,
ಅಂಟು ಬಿಗಿಯತೊಡಗಿತ್ತು,
ನಾಳೆ ನೋಡೋಣ ಅಂತ ಭಾರ ಹೇರಿ ಎದ್ದೆ.

ಹೊರಬಿದ್ದೊಡನೆ ಕನ್ನಡಕದ ತುಂಬ ಮಂಜು.
ಸಮುದ್ರ ಯಾವ ಕಡೆ, ಅದೂ ಕಾಣದು.
ಹದಿನಾಲ್ಕನೆಯದರ ಹೆಸರೇನು ಎಂದು ಕೇಳಿದೆ,
ದನಿ ಬಂದ ದಿಕ್ಕಿಗೆ ತಿರುಗಿ.
‘ಕಾಫಿ ಆರಿತು’ ಅಂದ ಖಲ್ಫಾನ್.